ಒಬ್ಬರೇ ವ್ಯಕ್ತಿ, ಎರಡು ಜನನ ಪ್ರಮಾಣಪತ್ರ: ವ್ಯತ್ಯಾಸ ಹುಟ್ಟುವುದೆಲ್ಲಿ, ಸರಿಪಡಿಸುವುದು ಹೇಗೆ?

ಜನನ ಪ್ರಮಾಣಪತ್ರ ಈಗ ಮತ್ತೆ ಮತ್ತೆ ಸುದ್ದಿಯಾಗುತ್ತಿದೆ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಕಾನೂನು ತಿದ್ದುಪಡಿ, ಆ ದಿನ ಮತ್ತು ಆನಂತರ ಹುಟ್ಟಿದವರಿಗೆ ಶಾಲೆಯ ದಾಖಲಾತಿಯಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವನ್ನೇ ಆಧಾರವಾಗಿಸಿತು. 2024ರ ಜನವರಿಯಲ್ಲಿ ನೌಕರರ ಭವಿಷ್ಯನಿಧಿ ಸಂಸ್ಥೆಯು (ಇಪಿಎಫ್‌ಒ) ಹುಟ್ಟಿದ ದಿನಾಂಕಕ್ಕೆ ಆಧಾರ್ ಅನ್ನು ಪುರಾವೆಯಾಗಿ ಒಪ್ಪುವುದಿಲ್ಲ ಎಂದಿತು. 2025ರ ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ನಿಯಮಗಳೂ ಬದಲಾದವು. ಅದೇ ವರ್ಷ ಬಿಹಾರದಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಚುನಾವಣಾ ಆಯೋಗ ಮೊದಲು ಹೆಸರಿಸಿದ 11 ದಾಖಲೆಗಳಲ್ಲಿ ಜನನ ಪ್ರಮಾಣಪತ್ರವಿತ್ತು, ಆಧಾರ್ ಇರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಜನ ಕಬ್ಬಿಣದ ಪೆಟ್ಟಿಗೆಯ ತಳದಿಂದ ಹಳೆಯ ಪತ್ರ ತೆಗೆಯುತ್ತಾರೆ, ಇಲ್ಲವೇ ಕಚೇರಿಗೆ ಹೋಗಿ ಹೊಸದು ತರುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಗಾಬರಿಯಾಗುತ್ತದೆ. ಒಂದರಲ್ಲಿ ಹೆಸರೇ ಇಲ್ಲ, ಇನ್ನೊಂದರಲ್ಲಿದೆ. ಒಂದರಲ್ಲಿ 14ನೇ ತಾರೀಕು, ಇನ್ನೊಂದರಲ್ಲಿ 15. ಒಂದರಲ್ಲಿ ಊರು ಹಾಸನ, ಇನ್ನೊಂದರಲ್ಲಿ ಬೆಂಗಳೂರು. ಎರಡರಲ್ಲಿ ಒಂದು ಖೋಟಾ ಇರಬೇಕು ಎಂಬ ಅನುಮಾನ ಸಹಜ. ಆದರೆ ಎರಡೂ ಸರ್ಕಾರಿ ಕಚೇರಿಯಿಂದಲೇ ಬಂದ ಅಸಲಿ ಪತ್ರಗಳಾಗಿರುವ ಸಾಧ್ಯತೆ ಸಾಕಷ್ಟಿದೆ. ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯದೆ ಪರಿಹಾರಕ್ಕೆ ಓಡಿದರೆ ಮೂರನೆಯದೊಂದು ದಾಖಲೆ ಹುಟ್ಟಿ ಗಂಟು ಇನ್ನಷ್ಟು ಬಿಗಿಯಾಗುತ್ತದೆ.

ಪತ್ರವಲ್ಲ, ರಿಜಿಸ್ಟರ್ ಮುಖ್ಯ

ಜನನ ಮರಣ ನೋಂದಣಿ ಕಾಯ್ದೆ 1969ರದು. ಅದರ ಪ್ರಕಾರ ಮೂಲ ದಾಖಲೆ ಎಂದರೆ ನೋಂದಣಾಧಿಕಾರಿಯ ಬಳಿ ಇರುವ ಜನನ ರಿಜಿಸ್ಟರ್. ನಮ್ಮ ಕೈಗೆ ಬರುವ ಪ್ರಮಾಣಪತ್ರ ಆ ರಿಜಿಸ್ಟರಿನಲ್ಲಿರುವ ಒಂದು ನಮೂದಿನ ದೃಢೀಕೃತ ಪ್ರತಿ. ಇದೊಂದು ಅರ್ಥವಾದರೆ ಅರ್ಧ ಗೊಂದಲ ಕರಗುತ್ತದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅಲ್ಲಿನ ವೈದ್ಯಾಧಿಕಾರಿ, ಮನೆಯಲ್ಲಾದರೆ ಮನೆಯ ಯಜಮಾನರು 21 ದಿನದೊಳಗೆ ನಮೂನೆ 1ರಲ್ಲಿ ಜನನ ವರದಿ ಕೊಡಬೇಕು. ಆ ವರದಿಯ ಕಾನೂನು ಭಾಗವೇ ರಿಜಿಸ್ಟರಿನ ಹಾಳೆಯಾಗುತ್ತದೆ. ಅದನ್ನು ನೋಡಿಕೊಂಡು ನಮೂನೆ 5ರಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಅಂದರೆ ಹೆರಿಗೆ ಕೋಣೆಯಿಂದ ನಿಮ್ಮ ಕೈಗೆ ಬರುವಷ್ಟರಲ್ಲಿ ಮಾಹಿತಿಯನ್ನು ಕನಿಷ್ಠ ಮೂರು ಸಲ ಬರೆದಿರುತ್ತಾರೆ: ಆಸ್ಪತ್ರೆಯ ಹೆರಿಗೆ ಪುಸ್ತಕದಲ್ಲಿ ಒಮ್ಮೆ, ನಮೂನೆ 1ರಲ್ಲಿ ಒಮ್ಮೆ, ಪ್ರಮಾಣಪತ್ರದಲ್ಲಿ ಒಮ್ಮೆ. ಪ್ರತಿ ಸಲವೂ ಕೈತಪ್ಪಿಗೆ ಅವಕಾಶವಿದೆ.

ಎರಡು ಪತ್ರಗಳು ಕೈಯಲ್ಲಿದ್ದರೆ ಮೊದಲು ನೋಡಬೇಕಾದ್ದು ನೋಂದಣಿ ಸಂಖ್ಯೆಯನ್ನು, ಹೆಸರನ್ನೋ ದಿನಾಂಕವನ್ನೋ ಅಲ್ಲ. ಸಂಖ್ಯೆ, ನೋಂದಣಿ ದಿನಾಂಕ, ನೋಂದಣಿ ಘಟಕ ಮೂರೂ ಒಂದೇ ಆಗಿದ್ದರೆ ಎರಡೂ ಒಂದೇ ನಮೂದಿನ ಪ್ರತಿಗಳು. ವ್ಯತ್ಯಾಸ ಬಂದದ್ದು ನಕಲು ಮಾಡುವಾಗ ಅಥವಾ ನಡುವೆ ತಿದ್ದುಪಡಿಯಾದಾಗ. ಸಂಖ್ಯೆಯೇ ಬೇರೆಯಾಗಿದ್ದರೆ ಒಂದು ಜನನ ಎರಡು ಸಲ ನೋಂದಣಿಯಾಗಿರುವ ಸಂಭವವಿದೆ. ಇವೆರಡೂ ಬೇರೆ ಬೇರೆ ಸಮಸ್ಯೆಗಳು, ಪರಿಹಾರದ ದಾರಿಯೂ ಬೇರೆ. ಹಳೆಯ ಕೈಬರಹದ ನಮೂದುಗಳನ್ನು ಗಣಕಕ್ಕೆ ಏರಿಸಿದಾಗ ಸಂಖ್ಯೆಯ ರೂಪ ಬದಲಾಗಿರಬಹುದು. ಆದ್ದರಿಂದ ನೋಂದಣಿ ದಿನಾಂಕ ಮತ್ತು ಘಟಕವನ್ನೂ ಹೊಂದಿಸಿ ನೋಡುವುದು ಕ್ಷೇಮ.

ಪ್ರಮಾಣಪತ್ರದಲ್ಲಿ ಮೂರು ದಿನಾಂಕಗಳಿರುತ್ತವೆ ಎಂಬುದನ್ನೂ ಗಮನಿಸಬೇಕು: ಹುಟ್ಟಿದ್ದು, ನೋಂದಣಿಯಾದದ್ದು, ಪತ್ರ ಕೊಟ್ಟದ್ದು. ಶಾಲೆಗೆ ಸೇರಿಸುವಾಗ ನೋಂದಣಿ ದಿನಾಂಕವನ್ನೇ ಹುಟ್ಟಿದ ದಿನಾಂಕವೆಂದು ಬರೆದುಕೊಂಡು, ಆ ತಪ್ಪು ಹತ್ತನೇ ತರಗತಿಯ ಅಂಕಪಟ್ಟಿಯವರೆಗೂ ಸಾಗಬಲ್ಲದು.

ಒಂದೇ ನಮೂದು, ಎರಡು ರೂಪ

ತೀರ ಸಾಮಾನ್ಯವಾದ ವ್ಯತ್ಯಾಸ ಹೆಸರಿನದು. ನಮ್ಮಲ್ಲಿ ಹುಟ್ಟಿದ ಕೂಡಲೇ ಹೆಸರಿಡುವ ರೂಢಿಯಿಲ್ಲ. ನಾಮಕರಣ ಹನ್ನೊಂದನೇ ದಿನವೋ, ತಿಂಗಳೋ, ಮೂರು ತಿಂಗಳೋ ಕಳೆದ ಮೇಲೆ. ಆಸ್ಪತ್ರೆ ಮಾತ್ರ 21 ದಿನದೊಳಗೆ ವರದಿ ಕಳಿಸಲೇಬೇಕು. ಹಾಗಾಗಿ ಹೆಸರಿನ ಜಾಗ ಖಾಲಿ ಬಿಟ್ಟೋ, ತಾಯಿಯ ಹೆಸರಿನ ಜೊತೆ ‘ಮಗು’ ಎಂದು ಸೇರಿಸಿಯೋ ನೋಂದಣಿಯಾಗುತ್ತದೆ. ಕಾಯ್ದೆಯ 14ನೇ ಕಲಂ ಇದಕ್ಕೆಂದೇ ಇದೆ: ಆಮೇಲೆ ಹೆಸರು ಸೇರಿಸಬಹುದು. ಮೊದಲ 12 ತಿಂಗಳು ಶುಲ್ಕವಿಲ್ಲ, ಅಲ್ಲಿಂದ 15 ವರ್ಷದವರೆಗೆ ತಡಶುಲ್ಕ ಕೊಟ್ಟು ಸೇರಿಸಬಹುದು. ಹೆಸರು ಸೇರಿಸುವ ಮೊದಲು ಪಡೆದ ಪ್ರತಿ ಒಂದು ರೀತಿ, ಸೇರಿಸಿದ ಮೇಲಿನದು ಇನ್ನೊಂದು ರೀತಿ. ಎರಡೂ ಸತ್ಯ. ಚಲಾವಣೆಗೆ ಎರಡನೆಯದನ್ನು ಬಳಸಬೇಕು.

ಇನ್ನೊಂದು ವ್ಯತ್ಯಾಸ ಲಿಪಿಯದು. ಹಳೆಯ ರಿಜಿಸ್ಟರುಗಳಲ್ಲಿ ಹೆಸರು ಕನ್ನಡದಲ್ಲಿ ಮಾತ್ರ ಇರುತ್ತಿತ್ತು. ಈಗಿನ ಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೇಕು. ‘ಲಕ್ಷ್ಮಿ’ಯ ‘ಕ್ಷ’ವನ್ನು ಒಬ್ಬ ಸಿಬ್ಬಂದಿ ಕೆ, ಎಸ್, ಎಚ್ ಎಂದು ಮೂರು ಅಕ್ಷರದಲ್ಲಿ ಬರೆದರೆ ಇನ್ನೊಬ್ಬರು ಎಕ್ಸ್ ಒಂದರಲ್ಲೇ ಮುಗಿಸುತ್ತಾರೆ. ‘ಶ್ರೀನಿವಾಸ’ದ ಕೊನೆಗೆ ಒಂದು ‘ಎ’ ಬರುತ್ತದೆ ಅಥವಾ ಬಿಟ್ಟುಹೋಗುತ್ತದೆ. ಕನ್ನಡ ಓದುವವರಿಗೆ ಇದು ವ್ಯತ್ಯಾಸವೇ ಅಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸುವ ಗಣಕಕ್ಕೆ ಇವು ಇಬ್ಬರು ಬೇರೆ ವ್ಯಕ್ತಿಗಳ ಹೆಸರು.

ಇದರ ಜೊತೆಗೆ ಇನಿಶಿಯಲ್‌ಗಳ ತೊಡಕು. ತಂದೆಯ ಹೆಸರು ಒಂದು ಕಡೆ ಪೂರ್ತಿಯಾಗಿರುತ್ತದೆ, ಇನ್ನೊಂದು ಕಡೆ ಊರಿನ ಮೊದಲಕ್ಷರ, ತಾತನ ಹೆಸರಿನ ಮೊದಲಕ್ಷರ ಸೇರಿರುತ್ತವೆ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ, ಹಳೇ ಮೈಸೂರಿನ ಕಡೆ ಬಹುತೇಕ ಮನೆತನದ ಹೆಸರೇ ಇರುವುದಿಲ್ಲ. ಆನ್‌ಲೈನ್ ಅರ್ಜಿಗಳಲ್ಲಿ ಕೊನೆಯ ಹೆಸರಿನ ಖಾನೆ ತುಂಬಲೇಬೇಕಾದಾಗ ಜನ ಇನಿಶಿಯಲ್ ಬಿಡಿಸಿ ಬರೆಯುತ್ತಾರೆ. ಹಾಗೆ ಹುಟ್ಟಿದ ರೂಪ ಜನನ ಪ್ರಮಾಣಪತ್ರದಲ್ಲಿ ಎಂದೂ ಇರಲಿಲ್ಲ.

ತಿದ್ದುಪಡಿಯಾದಾಗಲೂ ಎರಡು ರೂಪ ಉಳಿಯುತ್ತದೆ. ಕಾಯ್ದೆಯ 15ನೇ ಕಲಂ ಪ್ರಕಾರ ಮೂಲ ನಮೂದನ್ನು ಅಳಿಸುವಂತಿಲ್ಲ, ಹೊಡೆದುಹಾಕುವಂತಿಲ್ಲ. ಅಂಚಿನಲ್ಲಿ ಸರಿಯಾದ ವಿವರ ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ಹಳೆಯ ಪತ್ರ ಮನೆಯಲ್ಲಿ ಉಳಿದಿದ್ದರೆ ಹತ್ತು ವರ್ಷದ ಬಳಿಕ ಅದೇ ಗೊಂದಲಕ್ಕೆ ಮೂಲವಾಗುತ್ತದೆ.

ಎರಡು ಸಲ ನೋಂದಣಿ ಆಗುವುದು ಹೀಗೆ

ಜನನ ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ. ತಂದೆತಾಯಿ ವಾಸವಿರುವ ಊರಿಗೂ ಅದಕ್ಕೂ ಸಂಬಂಧವಿಲ್ಲ. ಚಲಿಸುವ ವಾಹನದಲ್ಲಿ ಹೆರಿಗೆಯಾದರೆ ವಾಹನ ಮೊದಲು ನಿಂತ ಸ್ಥಳವೇ ನೋಂದಣಿಯ ಸ್ಥಳ ಎಂದು ನಿಯಮವಿದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಪದ್ಧತಿಯ ಜೊತೆ ಈ ನಿಯಮ ಸೇರಿದಾಗ ಏನಾಗುತ್ತದೆ ನೋಡಿ. ಗಂಡ ಹೆಂಡತಿ ಬೆಂಗಳೂರಿನಲ್ಲಿದ್ದಾರೆ, ಹೆರಿಗೆ ಹಾಸನದ ಆಸ್ಪತ್ರೆಯಲ್ಲಿ. ಆಸ್ಪತ್ರೆ ತನ್ನ ಪಾಡಿಗೆ ಹಾಸನದಲ್ಲಿ ನೋಂದಣಿ ಮಾಡಿಸಿರುತ್ತದೆ. ಡಿಸ್ಚಾರ್ಜ್ ಆಗುವಾಗ ಪ್ರಮಾಣಪತ್ರ ಕೇಳುವುದು ಯಾರಿಗೂ ನೆನಪಾಗುವುದಿಲ್ಲ. ನಾಲ್ಕೈದು ವರ್ಷದ ಮೇಲೆ ಶಾಲೆಯವರು ಕೇಳಿದಾಗ ತಂದೆ ಬೆಂಗಳೂರಿನ ಕಚೇರಿಯಲ್ಲಿ ಹುಡುಕಿಸುತ್ತಾರೆ. ಅಲ್ಲಿ ನಮೂದಿಲ್ಲ, ಇರಲು ಸಾಧ್ಯವೂ ಇಲ್ಲ. ಕಚೇರಿ ನಮೂನೆ 10ರಲ್ಲಿ ಅಲಭ್ಯತಾ ಪತ್ರ ಕೊಡುತ್ತದೆ. ಆ ಪತ್ರದ ಅರ್ಥ ‘ನಮ್ಮ ರಿಜಿಸ್ಟರಿನಲ್ಲಿ, ನೀವು ಹೇಳಿದ ವರ್ಷದಲ್ಲಿ, ಈ ನಮೂದು ಸಿಗಲಿಲ್ಲ’ ಎಂದಷ್ಟೇ. ಜನ ಅದನ್ನು ‘ನೋಂದಣಿಯೇ ಆಗಿಲ್ಲ’ ಎಂದು ಓದಿಕೊಳ್ಳುತ್ತಾರೆ. ಮಧ್ಯವರ್ತಿಯೊಬ್ಬರು ಸಿಕ್ಕರೆ ಮಗು ಮನೆಯಲ್ಲೇ ಹುಟ್ಟಿತೆಂದು ಹೇಳಿಸಿ ತಡನೋಂದಣಿಯ ಆದೇಶ ತರಿಸುತ್ತಾರೆ. ಮಗುವಿಗೆ ಈಗ ಎರಡು ಹುಟ್ಟೂರು. ದಿನಾಂಕವನ್ನು ನೆನಪಿನಿಂದ ಹೇಳಿದ್ದರೆ ಅದೂ ಎರಡು.

ಇದಕ್ಕೆ ಮೋಸದ ಉದ್ದೇಶವೇ ಬೇಕಿಲ್ಲ. ವರ್ಷ ತಪ್ಪು ಹೇಳಿದರೂ, ತಾಯಿಯ ತವರಿನ ಕಡೆಯ ಹೆಸರಿನಲ್ಲಿ ನಮೂದಾಗಿದ್ದನ್ನು ಗಂಡನ ಮನೆಯ ಹೆಸರಿನಲ್ಲಿ ಹುಡುಕಿದರೂ ‘ಸಿಗಲಿಲ್ಲ’ ಎಂಬ ಉತ್ತರವೇ ಬರುತ್ತದೆ. ಅಲಭ್ಯತಾ ಪತ್ರ ಪಡೆಯುವ ಮುನ್ನ ಹೆರಿಗೆಯಾದ ಊರಿನಲ್ಲಿ, ಹಿಂದಿನ ಮತ್ತು ಮುಂದಿನ ಒಂದೊಂದು ವರ್ಷ ಸೇರಿಸಿ, ತಂದೆಯ ಹಾಗೂ ತಾಯಿಯ ಎಲ್ಲ ಹೆಸರುಗಳಲ್ಲಿ ಹುಡುಕಿಸಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ತಾಯಿ ಕಾರ್ಡ್, ಲಸಿಕೆ ಕಾರ್ಡ್‌ಗಳಲ್ಲಿ ಹೆರಿಗೆಯ ದಿನ, ಸ್ಥಳ ಇರುತ್ತದೆ. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ತಡನೋಂದಣಿಗೆ ಕಾನೂನಿನಲ್ಲಿ ಮೂರು ಹಂತಗಳಿವೆ. 21 ದಿನ ಮೀರಿ 30 ದಿನದೊಳಗಾದರೆ ತಡಶುಲ್ಕ ಸಾಕು. 30 ದಿನದಿಂದ ಒಂದು ವರ್ಷದೊಳಗೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದರೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವರ್ಗಾಯಿಸಿತು. ಕೋರ್ಟಿನ ಅಲೆದಾಟ ತಪ್ಪಿದ್ದು ಒಳ್ಳೆಯದೇ. ಆದರೆ ಪರಿಶೀಲನೆ ಸಡಿಲಾದರೆ ಏನಾಗಬಹುದೆಂಬುದಕ್ಕೆ ಮಹಾರಾಷ್ಟ್ರ ಉದಾಹರಣೆ. ತಡನೋಂದಣಿಯಿಂದ ಪಡೆದ ಪತ್ರಗಳ ಬಗ್ಗೆ ಅಲ್ಲಿ 2025ರಲ್ಲಿ ದೊಡ್ಡ ವಿವಾದವೆದ್ದು, ಸರ್ಕಾರ ಅವುಗಳ ಮರುಪರಿಶೀಲನೆಗೆ ಮುಂದಾಯಿತು. ಅಂಥ ಪರಿಶೀಲನೆಯಲ್ಲಿ ಪ್ರಾಮಾಣಿಕವಾಗಿ ಅರ್ಜಿ ಹಾಕಿದವರೂ ಕಂಗಾಲಾಗುತ್ತಾರೆ.

ವಿದೇಶದಲ್ಲಿ ಹುಟ್ಟಿದ ಮಕ್ಕಳ ವಿಷಯದಲ್ಲಿ ಎರಡು ದಾಖಲೆ ಇರುವುದೇ ಸಹಜ. ಹುಟ್ಟಿದ ದೇಶದ ಪ್ರಮಾಣಪತ್ರ ಒಂದು, ಭಾರತೀಯ ರಾಯಭಾರ ಕಚೇರಿಯ ನೋಂದಣಿ ಇನ್ನೊಂದು. ಅಲ್ಲಿ ನೋಂದಣಿಯಾಗದೆ ತಂದೆತಾಯಿ ಇಲ್ಲೇ ನೆಲೆಸಲು ಮರಳಿದ್ದರೆ, ಮಗು ಭಾರತಕ್ಕೆ ಬಂದ 60 ದಿನದೊಳಗೆ ಇಲ್ಲಿ ನೋಂದಾಯಿಸಲು 20ನೇ ಕಲಂ ಅವಕಾಶ ಕೊಡುತ್ತದೆ.

ದಿನಾಂಕವೇ ಬೇರೆಯಾದಾಗ

ದಿನಾಂಕದ ವ್ಯತ್ಯಾಸಕ್ಕೆ ಇಲ್ಲಿನದೇ ಆದ ಕೆಲವು ಕಾರಣಗಳಿವೆ.

ಮೊದಲನೆಯದು ದಿನ ಯಾವಾಗ ಶುರುವಾಗುತ್ತದೆ ಎಂಬುದು. ಪಂಚಾಂಗದ ಲೆಕ್ಕದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಆಸ್ಪತ್ರೆಯ ಗಡಿಯಾರದಲ್ಲಿ ನಡುರಾತ್ರಿಗೆ. ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದ ಮಗುವನ್ನು ಮನೆಯವರು ‘ಸೋಮವಾರ ರಾತ್ರಿ ಹುಟ್ಟಿದ್ದು’ ಎನ್ನುತ್ತಾರೆ, ಜಾತಕದಲ್ಲೂ ವಾರ ಸೋಮವಾರವೇ. ಆಸ್ಪತ್ರೆಯ ದಾಖಲೆಯಲ್ಲಿ ಅದು ಮಂಗಳವಾರದ ತಾರೀಕು. ಶಾಲೆಗೆ ಸೇರಿಸುವಾಗ ಅಜ್ಜ ಜಾತಕ ನೋಡಿ ಬರೆಸಿದರೆ ಒಂದು ದಿನದ ವ್ಯತ್ಯಾಸ ಖಾಯಂ. ಎರಡು ದಾಖಲೆಗಳ ನಡುವೆ ಸರಿಯಾಗಿ ಒಂದೇ ದಿನದ ಅಂತರವಿದ್ದರೆ ಹುಟ್ಟಿದ ಗಳಿಗೆ ಯಾವುದೆಂದು ಮೊದಲು ವಿಚಾರಿಸಬೇಕು.

ಎರಡನೆಯದು ತಿಥಿಯ ನೆನಪು. ‘ನಾಗರ ಪಂಚಮಿಯ ಮಾರನೇ ದಿನ’ ಎಂದು ನೆನಪಿಟ್ಟುಕೊಂಡ ಜನ್ಮದಿನವನ್ನು ತಾರೀಕಿಗೆ ಇಳಿಸಲು ಇಸವಿ ಖಚಿತವಾಗಿ ಗೊತ್ತಿರಬೇಕು. ಹಬ್ಬಗಳ ತಾರೀಕು ವರ್ಷದಿಂದ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೂ, ಅಧಿಕಮಾಸ ಬಂದಾಗ ಹದಿನೆಂಟು ಹತ್ತೊಂಬತ್ತು ದಿನ ಮುಂದಕ್ಕೂ ಸರಿಯುತ್ತದೆ. ಇಸವಿ ಒಂದು ತಪ್ಪಿದರೆ ತಿಂಗಳೇ ತಪ್ಪಬಹುದು.

ಮೂರನೆಯದು ಜೂನ್ 1. ಕರ್ನಾಟಕದಲ್ಲಿ ಒಂದು ತಲೆಮಾರಿನ ಬಹಳಷ್ಟು ಜನರ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದೇ ಇದೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ತಂದೆತಾಯಿಗೆ ತಾರೀಕು ಗೊತ್ತಿಲ್ಲದಿದ್ದಾಗ, ಅಥವಾ ವಯಸ್ಸು ನಾಲ್ಕಾರು ತಿಂಗಳು ಕಡಿಮೆ ಬಿದ್ದಾಗ, ಮುಖ್ಯೋಪಾಧ್ಯಾಯರು ಆ ದಿನಕ್ಕೆ ವಯಸ್ಸು ತುಂಬುವಂತೆ ಬರೆದುಕೊಳ್ಳುತ್ತಿದ್ದರು. ಮಗು ಶಾಲೆಯಿಂದ ಹೊರಗುಳಿಯಬಾರದೆಂಬ ಕಾಳಜಿಯೇ ಅದರ ಹಿಂದಿತ್ತು. ಆ ನಮೂದು ಟಿ.ಸಿ.ಗೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಕೊನೆಗೆ ಸೇವಾಪುಸ್ತಕಕ್ಕೆ ಹೋಯಿತು.

ಈ ಒತ್ತಡ ಇಂದಿಗೂ ಇದೆ. ಜೂನ್ 1ಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂಬ ನಿಯಮವನ್ನು 2025-26ರಿಂದ ಜಾರಿಗೆ ತರಲು ಹೊರಟ ರಾಜ್ಯ ಸರ್ಕಾರ, ಪೋಷಕರ ಒತ್ತಾಯಕ್ಕೆ ಮಣಿದು ಆ ವರ್ಷದ ಮಟ್ಟಿಗೆ ಐದೂವರೆಗೆ ಸಡಿಲಿಸಿತು. ಕೆಲವೇ ದಿನಗಳ ಕೊರತೆಗೆ ಒಂದು ವರ್ಷ ಕಳೆದುಕೊಳ್ಳಬೇಕಾದ ಪೋಷಕರಿಗೆ ಹೊಸ ದಿನಾಂಕದ ಹೊಸ ಪತ್ರ ಮಾಡಿಸುವ ಆಸೆ ಬರುವುದು ಇಂಥಲ್ಲೇ. ಅದು ಅಪರಾಧ. ಆಸ್ಪತ್ರೆಯ ಮೂಲ ನಮೂದು ಅಳಿಯದೆ ಉಳಿದಿರುವುದರಿಂದ ಎಂದಾದರೂ ಹೊರಬೀಳುತ್ತದೆ.

1970ಕ್ಕಿಂತ ಹಿಂದೆ ಹುಟ್ಟಿದವರು

1969ರ ಕಾಯ್ದೆ ಬಹುತೇಕ ರಾಜ್ಯಗಳಲ್ಲಿ ಜಾರಿಯಾದದ್ದು 1970ರ ಏಪ್ರಿಲ್ 1ರಂದು. ಅದಕ್ಕೂ ಮೊದಲು, 1956ರ ಏಕೀಕರಣದವರೆಗೆ, ಈಗಿನ ಕರ್ನಾಟಕದ ಭಾಗಗಳು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿದ್ದವು, ದಾಖಲೆ ಇಡುವ ಕ್ರಮವೂ ಬೇರೆ ಬೇರೆ. ಎಷ್ಟೋ ರಿಜಿಸ್ಟರುಗಳಲ್ಲಿ ತಂದೆಯ ಹೆಸರು, ಗಂಡೋ ಹೆಣ್ಣೋ, ತಾರೀಕು ಇಷ್ಟೇ ಇದ್ದು ಮಗುವಿನ ಹೆಸರಿಗೆ ಜಾಗವೇ ಇರಲಿಲ್ಲ. ಒಂದೇ ತಂದೆಗೆ ಮೂವರು ಗಂಡುಮಕ್ಕಳಿದ್ದರೆ ಯಾವ ನಮೂದು ಯಾರದು ಎಂಬುದೇ ತರ್ಕಕ್ಕೆ ಬಿಟ್ಟ ವಿಷಯ. ತೀರಿಹೋದ ಅಣ್ಣನ ನಮೂದು ತಮ್ಮನದಾಗಿಬಿಡುವುದೂ ಉಂಟು. ಇಂಥವರ ಪ್ರಮಾಣಪತ್ರ ಶಾಲಾ ದಾಖಲೆಗೆ ಹೊಂದದಿದ್ದರೆ ಆಶ್ಚರ್ಯವಿಲ್ಲ. ಹೊಸ ನಿಯಮಗಳು ಈ ತಲೆಮಾರಿಗೆ ಜನನ ಪ್ರಮಾಣಪತ್ರವನ್ನು ಏಕೈಕ ಪುರಾವೆಯಾಗಿ ಕೇಳುವುದೂ ಇಲ್ಲ. ಪಾಸ್‌ಪೋರ್ಟಿಗೆ ಇವರು ಶಾಲಾ ದಾಖಲೆ, ಪ್ಯಾನ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿಯಂಥವನ್ನು ಕೊಡಬಹುದು.

ಕಾನೂನೇ ಹೊಸ ಪತ್ರ ಕೊಡುವ ಸಂದರ್ಭಗಳು

ದತ್ತು ಪಡೆದ ಮಗುವಿಗೆ ದತ್ತು ತಂದೆತಾಯಿಯ ಹೆಸರಿನಲ್ಲಿ ಪ್ರಮಾಣಪತ್ರ ಸಿಗುತ್ತದೆ. ಮೊದಲಿನ ಪತ್ರ ಎಲ್ಲಿಯಾದರೂ ಉಳಿದಿದ್ದರೆ ಎರಡರಲ್ಲಿ ಪೋಷಕರ ಹೆಸರೇ ಬೇರೆ. ಅವಿವಾಹಿತ ತಾಯಿ ತಂದೆಯ ಹೆಸರು ಹೇಳಬೇಕಿಲ್ಲ, ಆಕೆಯ ಅಫಿಡವಿಟ್ ಒಂದರ ಮೇಲೆಯೇ ಮಗುವಿಗೆ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿತು.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ 2019ರ ಕಾಯ್ದೆ ಜನನ ಪ್ರಮಾಣಪತ್ರದಲ್ಲಿ ಹೆಸರು ಬದಲಿಸುವ ಹಕ್ಕು ಕೊಟ್ಟಿದ್ದರೂ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ದಾರಿಯಿಲ್ಲ ಎಂದು ಕಚೇರಿಗಳು ಅರ್ಜಿ ತಿರಸ್ಕರಿಸುತ್ತಿದ್ದವು. ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ, ಕಾನೂನಿಗೆ ಸೂಕ್ತ ತಿದ್ದುಪಡಿ ಆಗುವವರೆಗೆ ಹಿಂದಿನ ಮತ್ತು ಈಗಿನ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪರಿಷ್ಕೃತ ಪತ್ರ ಕೊಡಬೇಕೆಂದಿತು. ರಿಜಿಸ್ಟರಿನ ಇತಿಹಾಸವೂ ಉಳಿಯಬೇಕು, ವ್ಯಕ್ತಿಯ ಇಂದಿನ ಬದುಕೂ ನಡೆಯಬೇಕು ಎಂಬ ಎರಡು ಅಗತ್ಯಗಳ ನಡುವೆ ಸಿಕ್ಕ ತಾತ್ಕಾಲಿಕ ದಾರಿ ಇದು. ಹಳೆಯ ಗುರುತನ್ನು ಪ್ರತಿ ಕೌಂಟರಿನಲ್ಲೂ ತೋರಿಸಬೇಕಾದ ನೋವು ಮಾತ್ರ ಉಳಿದೇ ಇದೆ.

ಯಾವುದಕ್ಕೆ ಹೆಚ್ಚು ಬೆಲೆ?

ಇದಕ್ಕೆ ಒಂದೇ ಉತ್ತರವಿಲ್ಲ. ಬಹುಪಾಲು ಗೊಂದಲದ ಬೇರು ಇಲ್ಲಿದೆ.

ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಪ್ರಮಾಣಪತ್ರ ಸಾಕ್ಷ್ಯವಾಗಿ ಒಪ್ಪಿತ. ಹೆರಿಗೆಯಾದ ಹೊತ್ತಿನಲ್ಲೇ, ಆಗ ಯಾವ ಲಾಭನಷ್ಟದ ಲೆಕ್ಕವೂ ಇಲ್ಲದವರು ಬರೆದದ್ದು ಎಂಬುದೇ ಅದರ ಬಲ. ಅದೇ ತರ್ಕದಿಂದ, ಹದಿನೈದು ವರ್ಷದ ಬಳಿಕ ತಡನೋಂದಣಿಯಿಂದ ಬಂದ ಪತ್ರಕ್ಕೆ ಅಷ್ಟು ತೂಕ ಸಿಗುವುದಿಲ್ಲ. ಆಧಾರವೇನೆಂದು ನ್ಯಾಯಾಲಯ ಕೇಳುತ್ತದೆ.

ಬಾಲನ್ಯಾಯ ಕಾಯ್ದೆ 2015ರ 94ನೇ ಕಲಂನಲ್ಲಿ ಕ್ರಮ ತಿರುಗುಮುರುಗು. ವಯಸ್ಸು ನಿರ್ಧರಿಸಲು ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಎಲುಬಿನ ಪರೀಕ್ಷೆ. 2024ರ ಅಕ್ಟೋಬರ್‌ನಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಂ ಆಧರಿಸಿ, ಆಧಾರ್ ಕಾರ್ಡಿನ ದಿನಾಂಕಕ್ಕಿಂತ ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನು ಒಪ್ಪಿತು.

ಸರ್ಕಾರಿ ನೌಕರರಿಗೆ ಇನ್ನೊಂದು ಲೆಕ್ಕ. 1974ರ ರಾಜ್ಯ ಕಾಯ್ದೆಯಂತೆ ಸೇವಾಪುಸ್ತಕದಲ್ಲಿ ಒಪ್ಪಿತವಾದ ಜನ್ಮದಿನಾಂಕವನ್ನು ಬದಲಿಸಲು ಮೂರು ವರ್ಷದೊಳಗೆ ಕೇಳಬೇಕು. ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಯಮಿತದ ನೌಕರರೊಬ್ಬರು ಎರಡು ದಶಕ ಕಳೆದ ಮೇಲೆ ಕೇಳಿದಾಗ, ಪುರಾವೆ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಕ್ಕೆಂದು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಸತ್ಯ ಯಾವುದು ಎಂಬುದಕ್ಕಿಂತ, ಇಷ್ಟು ದಿನ ಸುಮ್ಮನಿದ್ದದ್ದೇಕೆ ಎಂಬುದು ಅಲ್ಲಿ ನಿರ್ಣಾಯಕ.

ಅದೇ ವರ್ಷ ಸಿಬಿಎಸ್‌ಇ ಅಂಕಪಟ್ಟಿಗಳ ಪ್ರಕರಣದಲ್ಲಿ ಅದೇ ನ್ಯಾಯಾಲಯ ಜನನ ಪ್ರಮಾಣಪತ್ರದಂಥ ಸಾರ್ವಜನಿಕ ದಾಖಲೆಗೆ ಅನುಗುಣವಾಗಿ ಅಂಕಪಟ್ಟಿ ತಿದ್ದಲು ಮಂಡಳಿ ದಾರಿ ಕೊಡಬೇಕೆಂದಿತು. ಹೀಗೆ ಒಂದೇ ಪತ್ರ ಒಂದು ಕೌಂಟರಿನಲ್ಲಿ ಗೆಲ್ಲುತ್ತದೆ, ಪಕ್ಕದಲ್ಲಿ ಸೋಲುತ್ತದೆ.

ಒಂದೇ ದಾಖಲೆ ಸಾಕೇ?

2023ರ ತಿದ್ದುಪಡಿಯ ಪರವಾಗಿರುವವರ ವಾದ ನೇರವಾಗಿದೆ. ಹತ್ತು ಇಲಾಖೆಗಳು ಹತ್ತು ಬಗೆಯ ಪುರಾವೆ ಕೇಳುವುದೇ ವ್ಯತ್ಯಾಸದ ಮೂಲ. ಹುಟ್ಟಿದ ಕೂಡಲೇ ಬರೆದ ಒಂದು ನಮೂದು, ರಾಷ್ಟ್ರಮಟ್ಟದ ದತ್ತಾಂಶದಲ್ಲಿ ಸೇರಿ, ಎಲ್ಲ ಕಡೆ ಅದೇ ನಡೆದರೆ ಜೂನ್ 1ರಂಥ ಕಲ್ಪಿತ ದಿನಾಂಕಗಳು ಹುಟ್ಟುವುದೇ ಇಲ್ಲ. ಎರಡನೇ ನೋಂದಣಿಯೂ ತಂತಾನೇ ಸಿಕ್ಕಿಬೀಳುತ್ತದೆ.

ವಿರೋಧಿಗಳು ಪ್ರಮಾಣಪತ್ರದ ಮಹತ್ವವನ್ನು ಅಲ್ಲಗಳೆಯುತ್ತಿಲ್ಲ. ನೋಂದಣಿ ಮಾಡಿಸುವ ಹೊಣೆ ಮಗುವಿನದಲ್ಲ, ಆದರೆ ಅದು ಆಗದಿದ್ದರೆ ಶಾಲೆಯಿಂದ ಮತದಾನದವರೆಗೆ ಪೆಟ್ಟು ತಿನ್ನುವುದು ಅದೇ ಮಗು ಎಂಬುದು ಅವರ ಆತಂಕ. ಮನೆ ಹೆರಿಗೆಗಳು, ಕಬ್ಬು ಕಡಿಯಲು ವಲಸೆ ಹೋದ ಕುಟುಂಬಗಳು, ಅಲೆಮಾರಿ ಸಮುದಾಯಗಳು ಈ ಜಾಲದ ಹೊರಗುಳಿಯುತ್ತವೆ. ತಂದೆತಾಯಿಯ ಆಧಾರ್ ಸಂಖ್ಯೆ ಪಡೆಯುವುದರಿಂದ ಖಾಸಗಿತನದ ಪ್ರಶ್ನೆಯೂ ಏಳುತ್ತದೆ.

ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನೋಂದಣಿ ಸರಿಯಾಗಿದ್ದರೆ ಮೊದಲ ವಾದ ಗೆಲ್ಲುತ್ತದೆ. ಆದರೆ ನಮೂದಿನ ಮೇಲೆ ಇಷ್ಟು ಭಾರ ಹೇರಿದ ಕಾನೂನು, ಆ ನಮೂದನ್ನು ಬರೆಯುವವರಿಗೆ ತರಬೇತಿಯನ್ನೋ ತಿದ್ದುಪಡಿಯ ಸಲೀಸು ದಾರಿಯನ್ನೋ ಅದೇ ಪ್ರಮಾಣದಲ್ಲಿ ಹೆಚ್ಚಿಸಿಲ್ಲ. ಹಿಂದೆ ಪ್ರಮಾಣಪತ್ರ ತಪ್ಪಿದ್ದರೆ ಟಿ.ಸಿ. ಕೈ ಹಿಡಿಯುತ್ತಿತ್ತು. 2023ರ ಅಕ್ಟೋಬರ್ ನಂತರದ ಮಕ್ಕಳಿಗೆ ಆ ಆಸರೆಯಿಲ್ಲ.

ಸರಿಪಡಿಸುವ ದಾರಿ

ಮೊದಲ ಕೆಲಸ, ಮೂಲ ನಮೂದಿನ ದೃಢೀಕೃತ ಪ್ರತಿ ಪಡೆಯುವುದು. ಹೊಸ ಪತ್ರ ಮುದ್ರಿಸಿಕೊಂಡು ಬಂದರೆ ಸಾಲದು. ಗಣಕದಲ್ಲಿ ತಪ್ಪಿದ್ದರೆ ಅದೇ ತಪ್ಪು ಮತ್ತೆ ಮುದ್ರಣವಾಗುತ್ತದೆ. ರಿಜಿಸ್ಟರಿನ ಹಾಳೆಯಲ್ಲಿ ವಿವರ ಸರಿಯಿದ್ದು ಪತ್ರದಲ್ಲಿ ಮಾತ್ರ ತಪ್ಪಿದ್ದರೆ ಕೆಲಸ ಸುಲಭ. ನಕಲಿನ ದೋಷವೆಂದು ಅರ್ಜಿ ಕೊಟ್ಟು, ಹಾಳೆಯ ಪ್ರತಿ ಲಗತ್ತಿಸಿದರೆ ನೋಂದಣಾಧಿಕಾರಿಯೇ ಸರಿಪಡಿಸಬಹುದು.

ರಿಜಿಸ್ಟರಿನಲ್ಲೇ ತಪ್ಪಿದ್ದರೆ ಅದು ಎಂಥ ತಪ್ಪು ಎಂಬುದು ಮುಖ್ಯ. ಕಾಗುಣಿತದಂಥ ಬರವಣಿಗೆಯ ದೋಷವನ್ನು ನೋಂದಣಾಧಿಕಾರಿ ವಿಚಾರಣೆ ನಡೆಸಿ ತಿದ್ದಬಹುದು. ದಿನಾಂಕ, ಲಿಂಗ, ಪೋಷಕರ ಹೆಸರಿನಂಥ ಸಾರಭೂತ ವಿವರವಾದರೆ, ತಪ್ಪೇನು, ನಿಜವೇನು ಎಂದು ವಿಷಯ ಬಲ್ಲ ಇಬ್ಬರು ವಿಶ್ವಾಸಾರ್ಹ ವ್ಯಕ್ತಿಗಳ ಘೋಷಣೆ ಬೇಕು. ಜೊತೆಗೆ ಆಸ್ಪತ್ರೆಯ ಹೆರಿಗೆ ಪುಸ್ತಕದ ಪ್ರತಿ ಅಥವಾ ಡಿಸ್ಚಾರ್ಜ್ ಸಾರಾಂಶ ಇಟ್ಟರೆ ಅರ್ಜಿಗೆ ಜೀವ ಬರುತ್ತದೆ. ಅರ್ಜಿಗಳು ತಿರಸ್ಕೃತವಾಗುವುದು ಹೆಚ್ಚಾಗಿ ಇಲ್ಲೇ: ಆಧಾರ್ ಅಥವಾ ಅಂಕಪಟ್ಟಿಯನ್ನು ಮಾತ್ರ ಪುರಾವೆಯಾಗಿ ಕೊಡುವುದು. ಜನನದ ನಂತರ, ಇನ್ಯಾರದೋ ಹೇಳಿಕೆಯ ಮೇಲೆ ಆದ ದಾಖಲೆಯಿಂದ ಜನನದ ಹೊತ್ತಿನ ನಮೂದನ್ನು ಉರುಳಿಸುವುದು ಕಷ್ಟ.

ಎರಡು ನೋಂದಣಿಗಳಿದ್ದರೆ ಒಂದನ್ನು ರದ್ದುಪಡಿಸಬೇಕು. ಸಾಮಾನ್ಯವಾಗಿ ಉಳಿಸಿಕೊಳ್ಳಬೇಕಾದ್ದು ಮೊದಲನೆಯದನ್ನು, ಹೆರಿಗೆಯಾದ ಸ್ಥಳದ್ದನ್ನು. ಅಕ್ರಮವಾಗಿ ಅಥವಾ ಅಸಮರ್ಪಕವಾಗಿ ಆದ ನಮೂದಿನ ರದ್ದತಿಗೆ ನೋಂದಣಾಧಿಕಾರಿ ಮೇಲಧಿಕಾರಿಗೆ ವರದಿ ಮಾಡಬೇಕಾಗುತ್ತದೆ. ಕರ್ನಾಟಕದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಮುಖ್ಯಸ್ಥರೇ ಮುಖ್ಯ ನೋಂದಣಾಧಿಕಾರಿ. ಎರಡನ್ನೂ ಇಟ್ಟುಕೊಂಡು ಸಂದರ್ಭಕ್ಕೆ ತಕ್ಕಂತೆ ಬಳಸುವುದು ಅತಿ ಅಪಾಯದ ದಾರಿ. ದತ್ತಾಂಶಗಳು ಒಂದಕ್ಕೊಂದು ಜೋಡಿಯಾಗುತ್ತಿರುವ ಕಾಲದಲ್ಲಿ ಅದು ವಂಚನೆಯ ಆರೋಪಕ್ಕೆ ಎಡೆಮಾಡುತ್ತದೆ.

ನೋಟರಿ ಅಫಿಡವಿಟ್ ಮತ್ತು ಗೆಜೆಟ್ ಪ್ರಕಟಣೆಯ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ‘ಎರಡೂ ಹೆಸರು ನನ್ನದೇ’ ಎಂಬ ಅಫಿಡವಿಟ್ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ನಡೆಯಬಹುದು, ರಿಜಿಸ್ಟರನ್ನು ಅದು ಬದಲಿಸುವುದಿಲ್ಲ. ಗೆಜೆಟ್ ಪ್ರಕಟಣೆ ಇಂದಿನಿಂದ ಹೊಸ ಹೆಸರು ಎಂದು ಸಾರುತ್ತದೆ. ಹುಟ್ಟಿದಾಗ ಯಾವ ಹೆಸರು ದಾಖಲಾಗಿತ್ತು ಎಂಬುದು ಬೇರೆ ಸಂಗತಿ. ಹೆಸರನ್ನೇ ಪೂರ್ತಿ ಬದಲಿಸುವುದು ‘ತಿದ್ದುಪಡಿ’ಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನೋಂದಣಿ ಕಚೇರಿಗಳ ನಿಲುವು.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬ ಪ್ರಶ್ನೆಗೆ ವಯಸ್ಸು ನೋಡಿ ಉತ್ತರಿಸಬೇಕು. ಹತ್ತನೇ ತರಗತಿ ಮುಗಿಯದ ಮಕ್ಕಳಿಗೆ ಶಾಲಾ ದಾಖಲೆಯನ್ನು ಜನನ ರಿಜಿಸ್ಟರಿಗೆ ಹೊಂದಿಸುವುದೇ ಸರಿ. ಅಂಕಪಟ್ಟಿ ಬಂದ ಮೇಲೆ ಅದು ಮಂಡಳಿಯ, ಹಲವು ಸಲ ಸಿವಿಲ್ ನ್ಯಾಯಾಲಯದ ವಿಷಯವಾಗುತ್ತದೆ. ನಿವೃತ್ತಿಯ ಹತ್ತಿರ ಇರುವವರು ಸೇವಾಪುಸ್ತಕ ಮುಟ್ಟದೆ, ಅದಕ್ಕೆ ಹೊಂದುವ ದಾಖಲೆಗಳನ್ನೇ ಪಿಂಚಣಿಗೆ ಬಳಸುವುದು ವ್ಯಾವಹಾರಿಕ.

ಹೊಸ ನಿಯಮದ ಮೊದಲ ಮಕ್ಕಳು

2023ರ ಅಕ್ಟೋಬರ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಆರು ತುಂಬುವುದು 2029ರಲ್ಲಿ. ಜೂನ್ 1ರ ನಿಯಮ ಹಾಗೇ ಇದ್ದರೆ ಅವರು ಒಂದನೇ ತರಗತಿಗೆ ಬರುವುದು 2030ರಲ್ಲಿ. ಅವರ ಪತ್ರದ ತಪ್ಪುಗಳು ಗುಂಪಾಗಿ ಬೆಳಕಿಗೆ ಬರುವುದು ಆಗ, ದಾಖಲಾತಿಯ ಕೊನೆಯ ದಿನ ಎದುರಿಗಿರುವಾಗ. ಆದರೆ ತಿದ್ದಲು ಬೇಕಾದ ಪುರಾವೆ ಬಲವಾಗಿರುವುದು ಈಗ: ಹೆರಿಗೆ ಮಾಡಿಸಿದ ವೈದ್ಯರು ಅಲ್ಲೇ ಇದ್ದಾರೆ, ಹೆರಿಗೆ ಪುಸ್ತಕ ಕಪಾಟಿನಲ್ಲಿದೆ, ಸಾ‌ಕ್ಷಿ ಹೇಳುವವರಿಗೆ ನೆನಪಿದೆ. ಅಂಥ ಮಗುವಿರುವ ಮನೆಯವರು ಇಂದೇ ಪತ್ರ ತೆಗೆದು ಐದು ಸಂಗತಿ ನೋಡಬೇಕು: ಮಗುವಿನ ಹೆಸರು ಸೇರಿದೆಯೇ, ತಂದೆತಾಯಿಯ ಹೆಸರು ಅವರ ಇತರ ದಾಖಲೆಗಳಲ್ಲಿರುವಂತೆಯೇ ಇದೆಯೇ, ಇಂಗ್ಲಿಷ್ ಅಕ್ಷರಗಳು ಮುಂದೆಯೂ ಬಳಸಲಿರುವ ರೂಪದಲ್ಲಿವೆಯೇ, ತಾರೀಕು ಡಿಸ್ಚಾರ್ಜ್ ಸಾರಾಂಶಕ್ಕೆ ಹೊಂದುತ್ತದೆಯೇ, ಲಿಂಗದ ನಮೂದು ಸರಿಯಿದೆಯೇ. ಮಗು ಇನ್ನೂ ಹುಟ್ಟಬೇಕಿರುವವರಿಗೆ ಇನ್ನೂ ಮೊದಲಿನ ಒಂದು ಅವಕಾಶವಿದೆ: ಆಸ್ಪತ್ರೆ ಬಿಡುವ ಮುನ್ನ ನಮೂನೆ 1 ಕೇಳಿ ಪಡೆದು, ಸಿಬ್ಬಂದಿಯ ಎದುರಿಗೇ ಒಂದೊಂದು ಖಾನೆಯನ್ನೂ ಓದಿ ನೋಡುವುದು.